ಎಲುಬು ಮತ್ತು ಕಲ್ಲು: ಕೆಲವು ಶಾಸ್ತ್ರೀಯ ಶಬ್ದಗಳು

ಪುರಾತನ ಜೀವಿಗಳ ಅವಶೇಷಗಳು ಭೂಮಿಯಲ್ಲಿ ಉಳಿದು ಬಂದಿದ್ದರೆ ಅವುಗಳನ್ನು ಪಳೆಯುಳಿಕೆಗಳೆನ್ನುತ್ತೇವೆ. ‘ಕಲ್ಲಿನಲ್ಲಿ ಎಲುಬು ಸಿಕ್ಕಿತು’ ಎಂದಷ್ಟೇ ಬರೆದರೆ ವಿಜ್ಞಾನಕ್ಕೆ ಸಾಲದು. ಎಂತಹ ಕಲ್ಲು, ಯಾವ ಪದರ, ಎಲುಬುಗಳು ಹೇಗೆ ಬಿದ್ದಿದ್ದವು ಎಂಬುದನ್ನು ಖಚಿತ ಶಬ್ದಗಳಲ್ಲಿ ಹೇಳಬೇಕು. ಅಂತಹ ಕೆಲವು ಶಬ್ದಗಳನ್ನು ನೋಡೋಣ.

ಸಂಚಿತ ಶಿಲೆ: ನೀರಿನ ತಳದಲ್ಲಿ ಮರಳು, ಕೆಸರು, ಸುಣ್ಣ ಮೊದಲಾದವು ಪದರಪದರವಾಗಿ ಕುಳಿತು ಗಟ್ಟಿಯಾದ ಕಲ್ಲು. ಮರಳುಗಲ್ಲು, ಸುಣ್ಣಕಲ್ಲು ಇದರ ಬಗೆಗಳು. ಶಿಲಾರಸ ತಣಿದು ಆದ ಗ್ರಾನೈಟಿನಲ್ಲಿ ಎಲುಬು ಸಿಗದು.

ಸ್ತರ: ಇಂತಹ ಒಂದೊಂದು ಪದರ. ಪದರಗಳು ಮಗುಚಿರದಿದ್ದರೆ ಕೆಳಗಿನದು ಹಳೆಯದು, ಮೇಲಿನದು ಹೊಸದು.

ಶಿಲೀಭವನ: ನೀರಿನಲ್ಲಿ ಕರಗಿದ ಖನಿಜಗಳು ಎಲುಬಿನ ಸೂಕ್ಷ್ಮ ರಂಧ್ರಗಳನ್ನು ತುಂಬಿ ಅದು ಕಲ್ಲಿನಂತಾಗುವುದು.

ಸಂಧಿತ ಅಸ್ಥಿಗಳು: ಬದುಕಿದ್ದಾಗ ಇದ್ದ ಕ್ರಮದಲ್ಲೇ ಕೀಲುಗೂಡಿ ಉಳಿದ ಎಲುಬುಗಳು. ಕ್ರಮ ತಪ್ಪಿದ್ದರೆ ಅವು ಚದುರಿದ ಅಸ್ಥಿಗಳು.

ಈಗ ಎರಡು ಸ್ಥಳಗಳನ್ನು ಹೋಲಿಸೋಣ. ಗೋದಾವರಿ ಕಣಿವೆಯ ಕೋಟಾ ಶಿಲಾಸ್ತರಗಳಲ್ಲಿ ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ವಿಜ್ಞಾನಿಗಳು ಸುಮಾರು 300 ಎಲುಬುಗಳನ್ನು ಹೊರತೆಗೆದರು. ಆ ದೈತ್ಯ ಸರೀಸೃಪಕ್ಕೆ 1975ರಲ್ಲಿ ‘ಬಾರಾಪಾಸಾರಸ್ ಟಾಗೋರೈ’ ಎಂದು ಹೆಸರಿಟ್ಟರು. ‘ಬಾರಾ ಪಾ’ ಎಂದರೆ ದೊಡ್ಡ ಕಾಲು, ಮುಂದಿನದು ಕವಿ ರವೀಂದ್ರನಾಥ ಠಾಕೂರರ ಸ್ಮರಣೆ. ಹಲವು ಪ್ರಾಣಿಗಳ ಎಲುಬುಗಳು ಬೆರೆತಿದ್ದವು. ಹಲ್ಲುಗಳು ಸಿಕ್ಕರೂ ತಲೆಬುರುಡೆ ಸಿಗಲಿಲ್ಲ. ಇಲ್ಲಿ ಸ್ತರ ಮತ್ತು ಎಲುಬು ಒಂದೇ ಕಾಲದವು. ಆದುದರಿಂದ ಸ್ತರದ ವಯಸ್ಸೇ ಎಲುಬಿನ ವಯಸ್ಸು.

ಆಂಧ್ರದ ಬೇತಂಚೆರ್ಲದ ಬಳಿಯ ಬಿಲ್ಲಸುರ್ಗಂ ಗವಿಗಳಲ್ಲಿ ಹಾಗಲ್ಲ. 1880ರ ದಶಕದಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಮತ್ತು ಅವರ ಮಗ ಅಲ್ಲಿ ಅಗೆದಾಗ ಘೇಂಡಾಮೃಗವೂ ಸೇರಿದಂತೆ ಅನೇಕ ಪ್ರಾಣಿಗಳ ಎಲುಬುಗಳು ದೊರೆತವು. ಗವಿಯ ಗೋಡೆ ಸುಣ್ಣಕಲ್ಲಿನದು. ಭೂಮಿಯ ಮೇಲೆ ಎಲುಬುಳ್ಳ ಪ್ರಾಣಿಗಳೇ ಇಲ್ಲದ ಕಾಲದ್ದು. ಎಲುಬುಗಳಿದ್ದುದು ಬಹುಕಾಲದ ನಂತರ ಗವಿಯೊಳಗೆ ಸೇರಿದ ಮಣ್ಣಿನಲ್ಲಿ. ಇದಕ್ಕೆ ‘ಗುಹಾಸಂಚಯ’ ಎನ್ನಬಹುದು. ಈ ಶಬ್ದದ ಬದಲು ‘ಸುಣ್ಣಕಲ್ಲಿನ ಎಲುಬು’ ಎಂದು ಬರೆದರೆ ವಯಸ್ಸಿನ ಲೆಕ್ಕ ಕೋಟಿಗಟ್ಟಲೆ ವರ್ಷ ತಪ್ಪುತ್ತದೆ!

ಸ್ತರದಿಂದ ಒಮ್ಮೆ ಕಿತ್ತ ಎಲುಬನ್ನು ಮರಳಿ ಅದರ ಸ್ಥಾನದಲ್ಲಿಡಲಾಗದು; ಆ ಸ್ಥಾನ ಉಳಿಯುವುದು ಬರವಣಿಗೆಯಲ್ಲಿ ಮಾತ್ರ. ಆದುದರಿಂದ ವಿದ್ಯಾರ್ಥಿಗಳೇ, ಬಾವಿ ತೋಡುವಲ್ಲಿಯೋ ಕಲ್ಲುಗಣಿಯಲ್ಲಿಯೋ ಇಂತಹದು ಕಂಡರೆ ಕೀಳಬೇಡಿರಿ. ಸ್ಥಳ, ಆಳ, ಮಣ್ಣಿನ ಬಣ್ಣ, ಕಲ್ಲಿನ ಬಗೆ ಇವನ್ನು ಬರೆದುಕೊಂಡು, ಚಿತ್ರ ತೆಗೆದು, ವಿಜ್ಞಾನದ ಅಧ್ಯಾಪಕರಿಗೆ ತಿಳಿಸಿರಿ. ಸರಿಯಾದ ಶಬ್ದವೂ ವಿಜ್ಞಾನದ ಒಂದು ಉಪಕರಣವೇ.