ಮೊದಲ ಹಿಮಕ್ಕೆ ಮುಂಚಿನ ಶನಿವಾರ

ಪ್ರತಿ ಜನವರಿಯಲ್ಲೂ ಒಂದೆರಡು ಸಲ ಬೆಳಗಿನ ಜಾವವೇ ನನ್ನ ಫೋನ್ ಬಡಿದುಕೊಳ್ಳುತ್ತದೆ. ಆ ಕಡೆಯಿಂದ ಎಳೆಯ ದನಿ: "ಅಂಕಲ್, ಕಾರು ಸ್ಟಾರ್ಟ್ ಆಗ್ತಿಲ್ಲ. ಟಿಕ್ ಟಿಕ್ ಅಂತಿದೆ ಅಷ್ಟೆ." ಮಿನಿಯಾಪೊಲಿಸ್‌ಗೆ ಬಂದು ಮೂವತ್ತು ಚಳಿಗಾಲ ಕಳೆದವನಿಗೆ ಆ ಟಿಕ್ ಟಿಕ್ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಸ್ವೆಟರ್ ಮೇಲೆ ಕೋಟು ಏರಿಸಿ, ಕಿವಿ ಮುಚ್ಚುವ ಟೋಪಿ ಹಾಕಿಕೊಂಡು ಹೊರಡುತ್ತೇನೆ. ಹೋಗುವುದಕ್ಕೆ ಬೇಸರವಿಲ್ಲ. ಅಲ್ಲಿ ಕಾಣುವ ದೃಶ್ಯ ಮಾತ್ರ ಪ್ರತಿ ಸಲವೂ ಹೊಟ್ಟೆಯಲ್ಲಿ ಚುರುಕ್ಕೆನ್ನಿಸುತ್ತದೆ. ಮೂರು ತಿಂಗಳ ಹಿಂದೆ ಧಾರವಾಡದಿಂದಲೋ ಮೈಸೂರಿನಿಂದಲೋ ಬಂದ ಹುಡುಗ, ಕೈಗವಸಿಲ್ಲದೆ, ಕಿವಿ ಕೆಂಪಾಗಿ, ಮೈನಸ್ 20 ಡಿಗ್ರಿಯಲ್ಲಿ ಬಾನೆಟ್ ಎತ್ತಿಕೊಂಡು ಒಬ್ಬನೇ ನಿಂತಿರುತ್ತಾನೆ. ಮೊನ್ನೆಯೂ ಹಾಗೇ ಆಯಿತು. ಅದಕ್ಕೇ ಇದನ್ನು ಬರೆದಿಡುತ್ತಿದ್ದೇನೆ.

ನಾನು ತೀರ್ಥಹಳ್ಳಿ ಕಡೆಯವನು. ನಮ್ಮ ಕಡೆ ಮಳೆಗಾಲದ ಕೆಲಸ ಬೇಸಗೆಯಲ್ಲೇ ಮುಗಿಯುತ್ತದೆ. ಸೌದೆ ಒಡೆದು ಒಳಗೆ ಒಟ್ಟಬೇಕು, ಹೆಂಚು ಕೈಯಾಡಿಸಬೇಕು, ಹಪ್ಪಳ ಸಂಡಿಗೆ ಡಬ್ಬಿ ಸೇರಬೇಕು. ಆಮೇಲೆ ಮಳೆ ಬರಲಿ. ಜೂನ್ ಹದಿನೈದಕ್ಕೆ ಮಾಡು ಸೋರುವಾಗ ಹೆಂಚು ಹುಡುಕುವವನನ್ನು ಊರಿನಲ್ಲಿ ಯಾರೂ ಮೆಚ್ಚುವುದಿಲ್ಲ. ಮಿನ್ನೆಸೋಟದ ಚಳಿಯನ್ನೂ ಅದೇ ಕಣ್ಣಿನಿಂದ ನೋಡಿ. ಕಾರಿನ ಬ್ಯಾಟರಿ ಅಕ್ಟೋಬರ್ ತಿಂಗಳ ಕೆಲಸ. ನಾನು ಹೇಳಬೇಕೆಂದಿರುವುದು ಇಷ್ಟೇ. ಉಳಿದದ್ದು ಯಾಕೆ, ಹೇಗೆ ಎಂಬ ವಿವರ.

ಬ್ಯಾಟರಿಯ ಒಳಗೆ ಇರುವುದು ಸೀಸದ ಹಲಗೆಗಳು ಮತ್ತು ನೀರು ಬೆರೆಸಿದ ಗಂಧಕಾಮ್ಲ. 1859ರಲ್ಲಿ ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಮಾಡಿದ ಸಾಧನ. ಮೂಲ ರಸಾಯನ ಇಂದಿಗೂ ಅದೇ. ವಿದ್ಯುತ್ತು ಹುಟ್ಟುವುದು ಆಮ್ಲಕ್ಕೂ ಸೀಸಕ್ಕೂ ನಡೆಯುವ ಕ್ರಿಯೆಯಿಂದ. ಚಳಿ ಏರಿದಷ್ಟೂ ಆ ಕ್ರಿಯೆ ನಿಧಾನ. ಉಷ್ಣಾಂಶ ಸೊನ್ನೆ ಸೆಲ್ಸಿಯಸ್‌ಗೆ ಇಳಿದಾಗ ಬ್ಯಾಟರಿಯ ಬಲ ಸುಮಾರು ಮೂರನೇ ಒಂದು ಪಾಲು ಕುಗ್ಗುತ್ತದೆ. ಮೈನಸ್ 18ಕ್ಕೆ, ಅಂದರೆ ಇಲ್ಲಿನವರು ಹೇಳುವ ಸೊನ್ನೆ ಫ್ಯಾರನ್‌ಹೀಟ್‌ಗೆ, ಅರ್ಧಕ್ಕಿಂತ ಹೆಚ್ಚು ಹೋಗಿರುತ್ತದೆ. ಅದೇ ಹೊತ್ತಿಗೆ ಇಂಜಿನ್ ಆಯಿಲ್ ಮಾಗಿಯ ಜೋನಿಬೆಲ್ಲದ ಹಾಗೆ ಗಟ್ಟಿಯಾಗಿ, ಇಂಜಿನ್ ತಿರುಗಿಸುವುದಕ್ಕೆ ಬೇಕಾದ ಬಲ ಇಮ್ಮಡಿಯಾಗಿರುತ್ತದೆ. ಕೊಡುವ ಕೈ ಸಣ್ಣದಾಗುತ್ತದೆ, ಕೇಳುವ ಬಾಯಿ ದೊಡ್ಡದಾಗುತ್ತದೆ. ಹಿಂದೆ ನಮ್ಮ ಘಟ್ಟದ ಬಸ್ಸುಗಳಿಗೆ ಕ್ಲೀನರ್ ಮುಂದೆ ನಿಂತು ಹ್ಯಾಂಡಲ್ ಹೊಡೆಯುತ್ತಿದ್ದ. ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರಿಗೆ ಬಂದ ಮೇಲೆ ಆ ಕ್ಲೀನರನ ರಟ್ಟೆಯ ಕೆಲಸವೆಲ್ಲ ಕ್ರಮೇಣ ಬ್ಯಾಟರಿಯ ಪಾಲಿಗೆ ಬಿತ್ತು.

ಆದರೂ ಬ್ಯಾಟರಿಯನ್ನು ಹಾಳುಮಾಡುವುದು ಮುಖ್ಯವಾಗಿ ಸೆಕೆ. ಇದನ್ನು ಹೇಳಿದರೆ ಹೊಸಬರು ನಂಬುವುದಿಲ್ಲ. ಜುಲೈ ಬಿಸಿಲಿನಲ್ಲಿ ಬಾನೆಟ್ ಕೆಳಗಿನ ಕಾವಿಗೆ ಸೀಸದ ಜಾಲರಿ ಸವೆಯುತ್ತದೆ, ಒಳಗಿನ ನೀರು ಆರುತ್ತದೆ. ಬೆಚ್ಚಗಿನ ದಿನಗಳಲ್ಲಿ ಸಣ್ಣ ಬಲದಿಂದಲೂ ಇಂಜಿನ್ ತಿರುಗುವುದರಿಂದ ಆ ಪೆಟ್ಟು ಕಣ್ಣಿಗೆ ಬೀಳುವುದಿಲ್ಲ. ಜನವರಿಯಲ್ಲಿ ಪೂರ್ತಿ ಬಲ ಬೇಕಾದಾಗ ಗುಟ್ಟು ರಟ್ಟಾಗುತ್ತದೆ. ಡಲ್ಲಾಸ್, ಫೀನಿಕ್ಸ್ ಕಡೆಯಿಂದ ವರ್ಗವಾಗಿ ಕಾರು ಸಮೇತ ಇತ್ತ ಬರುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ಅಲ್ಲಿ ಎರಡು ಮೂರು ಬೇಸಗೆ ಬೆಂದ ಬ್ಯಾಟರಿಗೆ ಇಲ್ಲಿನ ಮೊದಲ ಚಳಿಗಾಲ ದಾಟುವುದು ಕಷ್ಟ.

ಹಾಗಾಗಿ ಅಕ್ಟೋಬರ್‌ನಲ್ಲಿ, ಮೊದಲ ಹಿಮ ಬೀಳುವ ಮುಂಚೆ, ಒಂದು ಶನಿವಾರ ಇದಕ್ಕೆಂದೇ ಇಟ್ಟುಕೊಳ್ಳಿ. ಬಿಡಿಭಾಗದ ಅಂಗಡಿಗಳಲ್ಲಿ ಅನೇಕರು ಬ್ಯಾಟರಿಯನ್ನು ಪುಕ್ಕಟೆಯಾಗಿ ಪರೀಕ್ಷಿಸಿ ಕೊಡುತ್ತಾರೆ, ಹತ್ತು ನಿಮಿಷದ ಕೆಲಸ. ಮನೆಯಲ್ಲೇ ನೋಡುವುದಾದರೆ ಸಣ್ಣ ಮಲ್ಟಿಮೀಟರ್ ಸಾಕು. ರಾತ್ರಿ ನಿಲ್ಲಿಸಿದ ಕಾರನ್ನು ಬೆಳಗ್ಗೆ ಸ್ಟಾರ್ಟ್ ಮಾಡದೆ ಅಳೆದರೆ 12.6 ವೋಲ್ಟ್ ಇರಬೇಕು. 12.4 ಅಂದರೆ ಮುಕ್ಕಾಲು, 12.2 ಅಂದರೆ ಅರ್ಧ, 12 ಅಂದರೆ ಕಾಲು ಭಾಗ ಉಳಿದಿದೆ ಎಂದು ಲೆಕ್ಕ. ಮೂರು ವರ್ಷ ತುಂಬಿದ ಬ್ಯಾಟರಿಯನ್ನು ಪ್ರತಿ ವರ್ಷ ಪರೀಕ್ಷಿಸಬೇಕು. ಐದು ತುಂಬಿದ್ದರೆ ಬದಲಾಯಿಸಿಬಿಡಿ, ಜಿಪುಣತನ ಬೇಡ. ಹೊಸತು ಕೊಳ್ಳುವಾಗ ಮೇಲೆ ಸಿಸಿಎ ಎಂದು ಬರೆದಿರುವ ಸಂಖ್ಯೆ ನೋಡಿ. ಮೈನಸ್ 18 ಡಿಗ್ರಿಯಲ್ಲಿ, 30 ಸೆಕೆಂಡುಗಳ ಕಾಲ, 7.2 ವೋಲ್ಟ್‌ಗಿಂತ ಕೆಳಗಿಳಿಯದೆ ಎಷ್ಟು ಆಂಪಿಯರ್ ಕೊಡಬಲ್ಲದು ಎಂಬ ಅಳತೆ ಅದು. ನಿಮ್ಮ ಕಾರಿನ ಕೈಪಿಡಿ ಹೇಳಿದ್ದಕ್ಕಿಂತ ಕಡಿಮೆಯದನ್ನು ಅಗ್ಗವೆಂದು ತರಬೇಡಿ. ಆಯಿಲ್ ಬದಲಿಸುವಾಗಲೂ ಕೈಪಿಡಿ ಹೇಳಿದ 0ಡಬ್ಲ್ಯು ಅಥವಾ 5ಡಬ್ಲ್ಯು ದರ್ಜೆಯನ್ನೇ ಹಾಕಿಸಿ. ಆ ಡಬ್ಲ್ಯು ಚಳಿಗಾಲದ ಗುರುತು.

ನಮ್ಮ ಹುಡುಗರ ಬ್ಯಾಟರಿ ಕೈಕೊಡುವುದಕ್ಕೆ ಇನ್ನೊಂದು ಕಾರಣವಿದೆ. ಅದು ನಮ್ಮದೇ, ಇಲ್ಲಿಯವರಿಗೆ ಅಷ್ಟಾಗಿ ಇಲ್ಲದ್ದು. ಡಿಸೆಂಬರ್ ಮಧ್ಯದಲ್ಲಿ ಊರಿಗೆ ಹೊರಡುತ್ತೀರಿ. ತಂಗಿಯ ಮದುವೆ, ಅಜ್ಜಿಯ ಆರೋಗ್ಯ, ಸಂಕ್ರಾಂತಿ ಮುಗಿಸಿಕೊಂಡೇ ಬರುವುದು. ನಾಲ್ಕು ವಾರ ಕಾರು ಅಪಾರ್ಟ್‌ಮೆಂಟಿನ ಬಯಲಿನಲ್ಲಿ ನಿಂತಿರುತ್ತದೆ. ನಿಂತ ಕಾರು ನಿದ್ದೆ ಮಾಡುವುದಿಲ್ಲ ಮಕ್ಕಳೇ. ಗಡಿಯಾರ, ಅಲಾರಂ, ಕೀಲಿಯ ಸಂಕೇತಕ್ಕಾಗಿ ಕಾಯುವ ರೇಡಿಯೊ ಎಲ್ಲ ಸೇರಿ 50 ಮಿಲಿಆಂಪಿಯರ್ ಹೀರುತ್ತಿವೆ ಎನ್ನಿ. ದಿನಕ್ಕೆ 1.2 ಆಂಪಿಯರ್ ಅವರ್. ಮೂವತ್ತು ದಿನಕ್ಕೆ 36. ನಿಮ್ಮ ಬ್ಯಾಟರಿಯ ಒಟ್ಟು ಸಂಗ್ರಹವೇ ಸುಮಾರು 60 ಎಂದಿಟ್ಟುಕೊಂಡರೆ ಅರ್ಧಕ್ಕೂ ಹೆಚ್ಚು ಬರಿದು. ಇದರ ಮೇಲೆ ಚಳಿಯ ಕಡಿತ ಬೇರೆ. ಇಪ್ಪತ್ತೆರಡು ಗಂಟೆ ಪ್ರಯಾಣ ಮಾಡಿ, ಅಮ್ಮ ಕಟ್ಟಿಕೊಟ್ಟ ಚಟ್ನಿಪುಡಿ ಉಪ್ಪಿನಕಾಯಿಯ ಪೆಟ್ಟಿಗೆ ಇಳಿಸಿ, ಮರುದಿನ ಬೆಳಗ್ಗೆ ಕೆಲಸಕ್ಕೆ ಹೊರಟರೆ ಕಾರಿನ ಬಾಗಿಲೂ ತೆರೆಯುವುದಿಲ್ಲ.

ತೊಂದರೆ ಅಲ್ಲಿಗೇ ನಿಲ್ಲುವುದಿಲ್ಲ. ಪೂರ್ತಿ ತುಂಬಿದ ಬ್ಯಾಟರಿಯ ಆಮ್ಲ ಮೈನಸ್ 50ರಲ್ಲೂ ಹೆಪ್ಪುಗಟ್ಟದು. ಪೂರ್ತಿ ಬರಿದಾದದ್ದು ಮೈನಸ್ 10 ತಲುಪುವಷ್ಟರಲ್ಲೇ ಹೆಪ್ಪುಗಟ್ಟಬಹುದು, ಯಾಕೆಂದರೆ ಆಗ ಒಳಗೆ ಉಳಿದಿರುವುದು ಹೆಚ್ಚುಕಡಿಮೆ ನೀರೇ. 2019ರ ಜನವರಿ 30ರಂದು ಮಿನಿಯಾಪೊಲಿಸ್‌ನಲ್ಲಿ ಮೈನಸ್ 33 ಆಗಿತ್ತು. ಅದೇ ವಾರ ಊರಿನಿಂದ ಮರಳಿದ ಹುಡುಗನೊಬ್ಬನ ಬಾನೆಟ್ ಎತ್ತಿದಾಗ ಬ್ಯಾಟರಿಯ ಎರಡೂ ಪಕ್ಕ ಉಬ್ಬಿ, ತುಂಬಿದ ಹಸುವಿನ ಹೊಟ್ಟೆಯ ಹಾಗೆ ಕಂಡಿತು. ಇನ್ನೊಂದು ಕಾರಿನಿಂದ ಕೇಬಲ್ ಹಚ್ಚಲು ಬಾಗಿದ ಅವನ ಕೈ ಹಿಡಿದು ಹಿಂದಕ್ಕೆಳೆದೆ. ಹೆಪ್ಪುಗಟ್ಟಿದ ಬ್ಯಾಟರಿಗೆ ವಿದ್ಯುತ್ತು ಹರಿಸಿದರೆ ಸಿಡಿಯಬಹುದು, ಆಮ್ಲ ಮುಖಕ್ಕೆ ಹಾರಬಹುದು. ಉಬ್ಬಿದ್ದನ್ನು, ಬಿರುಕು ಬಿಟ್ಟದ್ದನ್ನು ಬಿಚ್ಚಿಸಿ ಅಂಗಡಿಗೆ ಹಿಂದಿರುಗಿಸುವುದೊಂದೇ ದಾರಿ.

ಊರಿಗೆ ಹೊರಡುವ ಮುಂಚೆ ಗ್ಯಾರೇಜ್ ಇದ್ದವರು ಬ್ಯಾಟರಿಗೆ ಮೆಂಟೇನರ್ ಹಚ್ಚಿ ಹೋಗಿ. ಚೂರು ಚೂರೇ ಚಾರ್ಜ್ ಮಾಡುತ್ತಾ ತಾನೇ ನಿಲ್ಲಿಸುವ ಸಣ್ಣ ಪೆಟ್ಟಿಗೆ ಅದು. ಇಲ್ಲದವರು ನಂಬಿಕೆಯ ಗೆಳೆಯನಿಗೆ ಕೀ ಕೊಟ್ಟು, ವಾರಕ್ಕೊಮ್ಮೆ ಅರ್ಧ ಗಂಟೆ ಓಡಿಸಲು ಹೇಳಿ. ನಿಂತಲ್ಲೇ ಐದು ನಿಮಿಷ ಇಂಜಿನ್ ಚಾಲೂ ಮಾಡಿ ಆರಿಸಿದರೆ ಬಂದದ್ದಕ್ಕಿಂತ ಹೋದದ್ದೇ ಹೆಚ್ಚಾಗಬಹುದು. ಯಾರೂ ಸಿಗದಿದ್ದರೆ ಮೈನಸ್ ತಂತಿ ಕಳಚಿಟ್ಟು ಹೋಗಿ. ಕಾರಿನ ಮೂತಿ ಹೊರಮುಖವಾಗಿರುವಂತೆ ನಿಲ್ಲಿಸಿ, ಇನ್ನೊಂದು ಕಾರು ಹತ್ತಿರ ಬರಲು ಜಾಗವಿರಲಿ.

ಇಷ್ಟೆಲ್ಲ ಮಾಡಿಯೂ ಒಂದು ಬೆಳಗ್ಗೆ ಟಿಕ್ ಟಿಕ್ ಎಂದೀತು. ಆಗ ಮೊದಲು ಒಳಗೆ ಹೋಗಿ ಕೈಗವಸು, ಟೋಪಿ ಹಾಕಿಕೊಂಡು ಬನ್ನಿ. ಗಾಳಿ ಸೇರಿಸಿ ಟಿವಿಯಲ್ಲಿ ಹೇಳುವ ಮೈನಸ್ 45 ಕಾರಿಗೆ ಅನ್ವಯಿಸುವುದಿಲ್ಲ. ಕಬ್ಬಿಣ ಎಷ್ಟು ಬೇಗ ತಣಿದರೂ ಹೊರಗಿನ ನಿಜವಾದ ಉಷ್ಣಾಂಶಕ್ಕಿಂತ ಕೆಳಗಿಳಿಯದು. ಆ ಸಂಖ್ಯೆ ನಿಮ್ಮ ಚರ್ಮಕ್ಕೆ ಸಂಬಂಧಿಸಿದ್ದು. ನನ್ನ ಮೊದಲ ಚಳಿಗಾಲದಲ್ಲಿ ಬರಿಗೈಯಲ್ಲಿ ಸ್ಪ್ಯಾನರ್ ಹಿಡಿದೆ, ಬೆರಳ ತುದಿಯ ಚರ್ಮ ಅದಕ್ಕೇ ಅಂಟಿಕೊಂಡಿತು. ಆ ಗುರುತು ಬಹಳ ವರ್ಷ ಇತ್ತು.

ಹೀಟರ್, ದೀಪ, ಸೀಟಿನ ಬಿಸಿ ಎಲ್ಲ ಆರಿಸಿ ಇನ್ನೊಂದೇ ಸಲ ಪ್ರಯತ್ನಿಸಿ. ಟಿಕ್ ಟಿಕ್ ಸದ್ದು ಬ್ಯಾಟರಿಯ ದೂರು, ಇಲ್ಲವೇ ತಂತಿ ಕಚ್ಚಿಸುವ ಅದರ ಕಂಬಗಳ ದೂರು. ಕಂಬಗಳ ಮೇಲೆ ಬಿಳಿಹಸಿರು ಬೂಷ್ಟು ಕಟ್ಟಿದ್ದರೆ ಅದೇ ಕಾರಣವಿರಬಹುದು. ಅಡುಗೆ ಸೋಡಾ ಕದಡಿದ ನೀರು, ಹಳೆಯ ಬ್ರಷ್ ಸಾಕು. ಇಂಜಿನ್ ಚೆನ್ನಾಗಿ ತಿರುಗಿಯೂ ಹೊತ್ತಿಕೊಳ್ಳದಿದ್ದರೆ ಬ್ಯಾಟರಿಯನ್ನು ಬೈಯಬೇಡಿ, ಕಾರಣ ಬೇರೆಡೆ ಇದೆ. ತಳ್ಳಿ ಸ್ಟಾರ್ಟ್ ಮಾಡುವ ಯೋಚನೆ ಬಿಡಿ. ನಮ್ಮೂರಲ್ಲಿ ಜೀಪನ್ನು ಇಳಿಜಾರಿನಲ್ಲೇ ನಿಲ್ಲಿಸುತ್ತಿದ್ದರು, ಬೆಳಗ್ಗೆ ಉರುಳಿಸಿ ಎರಡನೇ ಗೇರಿಗೆ ಹಾಕಿದರೆ ಹೊರಡುತ್ತಿತ್ತು. ಇಲ್ಲಿನ ಆಟೊಮ್ಯಾಟಿಕ್ ಗೇರಿನ ಕಾರುಗಳಿಗೆ ಆ ಉಪಾಯ ನಡೆಯುವುದಿಲ್ಲ.

ಕೇಬಲ್ ಹಚ್ಚುವ ಕ್ರಮವನ್ನು ಬಾಯಿಪಾಠ ಮಾಡಿ. ಕೆಂಪು ತಂತಿಯ ಒಂದು ತುದಿ ಸತ್ತ ಬ್ಯಾಟರಿಯ ಪ್ಲಸ್‌ಗೆ, ಇನ್ನೊಂದು ಒಳ್ಳೆಯ ಬ್ಯಾಟರಿಯ ಪ್ಲಸ್‌ಗೆ. ಕಪ್ಪು ತಂತಿ ಒಳ್ಳೆಯ ಬ್ಯಾಟರಿಯ ಮೈನಸ್‌ಗೆ. ಅದರ ಕೊನೆಯ ತುದಿಯನ್ನು ಸತ್ತ ಬ್ಯಾಟರಿಗೆ ಹಚ್ಚಬೇಡಿ. ಅದರಿಂದ ದೂರ, ಆ ಕಾರಿನ ಇಂಜಿನ್ ಮೇಲೆ ಬಣ್ಣವಿಲ್ಲದ ಬರಿಯ ಲೋಹಕ್ಕೆ ಕಚ್ಚಿಸಿ. ಕೊನೆಯ ಜೋಡಣೆಯಲ್ಲಿ ಕಿಡಿ ಹಾರುತ್ತದೆ, ಬ್ಯಾಟರಿಯ ಸುತ್ತ ಜಲಜನಕ ಅನಿಲ ಇರಬಹುದು. ಎರಡೂ ಸೇರಬಾರದು. ಒಳ್ಳೆಯ ಕಾರಿನ ಇಂಜಿನ್ ಐದು ನಿಮಿಷ ಓಡಲು ಬಿಟ್ಟು ಆಮೇಲೆ ನಿಮ್ಮ ಕಾರಿನ ಕೀ ತಿರುಗಿಸಿ. ಹತ್ತು ಸೆಕೆಂಡಿಗಿಂತ ಹೆಚ್ಚು ಎಳೆಯಬೇಡಿ, ಆಗದಿದ್ದರೆ ಒಂದೆರಡು ನಿಮಿಷ ತಾಳಿ. ಇಂಜಿನ್ ಸ್ಟಾರ್ಟ್ ಆದ ಮೇಲೆ ಕೇಬಲ್‌ಗಳನ್ನು ಹಚ್ಚಿದ್ದಕ್ಕೆ ತಿರುಗುಮುರುಗಾಗಿ ಕಳಚಿ. ಕನಿಷ್ಠ ಅರ್ಧ ಗಂಟೆ ಹೆದ್ದಾರಿಯಲ್ಲಿ ಓಡಿಸಿ, ಅದೇ ದಿನ ಬ್ಯಾಟರಿ ಪರೀಕ್ಷಿಸಿ. ಒಮ್ಮೆ ಎದ್ದಿತೆಂದು ಮರುದಿನವೂ ಏಳುತ್ತದೆ ಎಂದು ಕೂರಬೇಡಿ.

ಜೇಬಿನಲ್ಲಿಡುವಷ್ಟು ಸಣ್ಣ ಲಿಥಿಯಂ ಜಂಪ್ ಪ್ಯಾಕ್ ಈಗ ಸಿಗುತ್ತದೆ, ಒಂಟಿಯಾಗಿರುವ ಹೆಣ್ಣುಮಕ್ಕಳು ಖಂಡಿತ ತೆಗೆದುಕೊಳ್ಳಿ. ಅದನ್ನು ಮನೆಯೊಳಗೆ ಇಡಿ. ರಾತ್ರಿಯಿಡೀ ಕಾರಿನಲ್ಲಿ ಮರಗಟ್ಟಿದರೆ ಅದರ ಬಲವೂ ಉಡುಗುತ್ತದೆ. ವಿದ್ಯುತ್ ಕಾರು ಕೊಂಡವರೂ ಕೇಳಿ, ಅದರೊಳಗೂ ಬಾಗಿಲು, ಕಂಪ್ಯೂಟರ್ ಎಬ್ಬಿಸುವ ಸಣ್ಣ ಬ್ಯಾಟರಿ, ಸಾಮಾನ್ಯವಾಗಿ 12 ವೋಲ್ಟಿನದು, ಇರುತ್ತದೆ.

ಜೀವಕ್ಕೆ ಸಂಬಂಧಿಸಿದ ಎರಡು ಮಾತು. ಬಾಗಿಲು ಹಾಕಿದ ಗ್ಯಾರೇಜಿನಲ್ಲಿ ಇಂಜಿನ್ ಬೆಚ್ಚಗಾಗಲೆಂದು ಓಡಿಸಬೇಡಿ, ಒಂದು ನಿಮಿಷವೂ ಬೇಡ. ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಮನೆಯೊಳಗೂ ನುಗ್ಗುತ್ತದೆ. ದಾರಿಯಲ್ಲಿ ಹಿಮದಲ್ಲಿ ಸಿಕ್ಕಿಕೊಂಡರೆ ಕಾರು ಬಿಟ್ಟು ನಡೆಯಬೇಡಿ. ಸೈಲೆನ್ಸರ್ ಕೊಳವೆಯ ಬಾಯಿಯ ಹಿಮ ತೆಗೆದು, ಆಗಾಗ ಹತ್ತು ನಿಮಿಷ ಇಂಜಿನ್ ಓಡಿಸಿ, ಕಿಟಕಿ ಚೂರು ತೆರೆದಿಟ್ಟು ಸಹಾಯಕ್ಕೆ ಕಾಯಿರಿ. ಡಿಕ್ಕಿಯಲ್ಲಿ ಕಂಬಳಿ, ಸಲಿಕೆ, ತಿನ್ನಲು ಏನಾದರೂ ಇರಲಿ. ಫೋನನ್ನು ಒಳಜೇಬಿನಲ್ಲಿ ಮೈಗೆ ತಾಗುವಂತೆ ಇಟ್ಟುಕೊಳ್ಳಿ, ಚಳಿಗೆ ಅದೂ ತಟ್ಟನೆ ಆರುತ್ತದೆ. ಇಲ್ಲಿನ ಚಳಿಯನ್ನು ಹಗುರವಾಗಿ ಎಣಿಸಬೇಡಿ, ಇದೇ ರಾಜ್ಯದ ಟವರ್ ಎಂಬ ಊರಿನಲ್ಲಿ 1996ರ ಫೆಬ್ರವರಿ 2ರಂದು ಮೈನಸ್ 51 ಡಿಗ್ರಿ ದಾಖಲಾಗಿದೆ.

ಸಹಾಯ ಕೇಳಲು ನಾಚಬೇಡಿ. ಪಕ್ಕದ ಮನೆಯ ಹೆಸರು ಗೊತ್ತಿಲ್ಲದ ಮುದುಕ ಕೇಬಲ್ ಹಿಡಿದು ಬಂದಾನು, ನನಗೂ ಮೊದಲ ವರ್ಷ ಹಾಗೆ ಬಂದವನು ಅಂಥವನೇ. ಯಾರೂ ಕಾಣದಿದ್ದರೆ ನನಗೆ ಫೋನ್ ಮಾಡಿ, ಎಷ್ಟು ಹೊತ್ತಾದರೂ ಸರಿ. ನಾನು ಬರುವವರೆಗೆ ಬಾನೆಟ್ ಮುಂದೆ ನಿಲ್ಲದೆ ಒಳಗೆ ಹೋಗಿ ಬೆಚ್ಚಗೆ ಕೂತಿರಿ.