ಹೆಪ್ಪುಗಟ್ಟಿಸಿದ ಭ್ರೂಣಾಂಗಾಂಶ: ಛೇದನ, ವರ್ಣಗ್ರಹಣ ಮತ್ತು ಕನ್ನಡದ ಕ್ರಿಯಾಪದ

ಪ್ರಯೋಗಶಾಲೆಯ ವಿಧಾನಗಳನ್ನು ಕನ್ನಡದಲ್ಲಿ ನಿರೂಪಿಸುವಾಗ ತೊಡಕು ಹೆಚ್ಚಾಗಿ ಒದಗುವುದು ಕ್ರಿಯಾಪದಗಳಲ್ಲಿ. ಭ್ರೂಣ, ಅಂಗಾಂಶ, ಛೇದ ಎಂಬ ಮಾತುಗಳು ಪಠ್ಯಪುಸ್ತಕಗಳ ಮೂಲಕ ನೆಲೆಗೊಂಡಿವೆ. ಅಂಗಾಂಶವನ್ನು ಏನು ಮಾಡಲಾಗುತ್ತದೆ ಎಂದು ಹೇಳಹೊರಟಾಗಲೇ ಭಾಷೆಗೆ ಪರೀಕ್ಷೆ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಬಿ.ಜಿ.ಎಲ್. ಸ್ವಾಮಿಯವರು ಸಸ್ಯಭ್ರೂಣಶಾಸ್ತ್ರದಲ್ಲಿ ಪ್ರಸಿದ್ಧರು. ಅವರ ‘ಹಸುರು ಹೊನ್ನು’ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆಯಿತು. ಸಸ್ಯಗಳ ವರ್ಣನೆಗೆ ಒದಗಿದ ಆ ಕನ್ನಡ ಪ್ರಾಣಿಭ್ರೂಣದ ಛೇದನಕ್ಕೂ ಒದಗೀತೆ ಎಂಬುದು ಇಲ್ಲಿಯ ಪ್ರಶ್ನೆ.

ಕೋಳಿಮೊಟ್ಟೆಯನ್ನು ಸುಮಾರು 38 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಮೂರು ದಿನ ಇರಿಸಿದರೆ ಕಾಲು–ರೆಕ್ಕೆಗಳ ಮೊಗ್ಗುಗಳು ಕಾಣಿಸಿಕೊಂಡ ಭ್ರೂಣ ದೊರೆಯುತ್ತದೆ. ಇದನ್ನು ಮೇಣದಲ್ಲಿ ಹುದುಗಿಸುವ ಹಳೆಯ ಕ್ರಮದಲ್ಲಿ ಆಲ್ಕೊಹಾಲು, ಕ್ಸೈಲೀನ್ ಮತ್ತು ಸುಮಾರು 60 ಡಿಗ್ರಿಯ ಕಾವು ಅನಿವಾರ್ಯ. ರೂಪ ಚೆನ್ನಾಗಿ ಉಳಿಯುತ್ತದೆ. ಆದರೆ ಕೊಬ್ಬು ಕರಗಿಹೋಗುತ್ತದೆ, ಪ್ರತಿಕಾಯಗಳು ಗುರುತಿಸಬೇಕಾದ ಪ್ರೋಟೀನುಗಳ ಆಕೃತಿ ಹಲವೊಮ್ಮೆ ಕೆಡುತ್ತದೆ. ಹೆಪ್ಪುಗಟ್ಟಿಸುವ ಕ್ರಮ ಬೇಕಾಗುವುದು ಇದರಿಂದಲೇ.

ಆದರೆ ಹಿಮವೂ ಶತ್ರುವೇ. ಭ್ರೂಣದಲ್ಲಿ ನೀರೇ ಅಧಿಕ. ನಿಧಾನವಾಗಿ ತಣಿದರೆ ನೀರು ದೊಡ್ಡ ಹರಳುಗಳಾಗಿ ಜೀವಕೋಶಗಳನ್ನು ಸೀಳುತ್ತದೆ. ಅನಂತರ ಸೂಕ್ಷ್ಮದರ್ಶಕದಲ್ಲಿ ಕಾಣುವುದು ಅಂಗಾಂಶಕ್ಕಿಂತ ಹೆಚ್ಚಾಗಿ ಜರಡಿ. ಆದಕಾರಣ ಶೇ. 4ರ ಪ್ಯಾರಾಫಾರ್ಮಾಲ್ಡಿಹೈಡ್‌ನಲ್ಲಿ ಸ್ಥಿರೀಕರಿಸಿ ತೊಳೆದ ಭ್ರೂಣವನ್ನು ಮೊದಲು ಶೇ. 15ರ, ಬಳಿಕ ಶೇ. 30ರ ಸಕ್ಕರೆ ದ್ರಾವಣದಲ್ಲಿ 4 ಡಿಗ್ರಿ ತಂಪಿನಲ್ಲಿ ಇಡುತ್ತಾರೆ. ಭ್ರೂಣ ಮೊದಲು ತೇಲುತ್ತದೆ. ಸಕ್ಕರೆ ಒಳಕ್ಕೆ ಇಳಿದಂತೆ ತಾನೂ ತಳಕ್ಕೆ ಇಳಿಯುತ್ತದೆ. ಗಡಿಯಾರಕ್ಕಿಂತ ಈ ಮುಳುಗುವಿಕೆಯೇ ನಂಬತಕ್ಕ ಸೂಚನೆ. ‘ಸಕ್ಕರೆ ಹೀರಿಕೊಂಡಿತು’ ಎಂದರೆ ಸಾಕು. ಇದಕ್ಕೆ ಹೊಸ ಪದ ಟಂಕಿಸುವುದು ವ್ಯರ್ಥಶ್ರಮ.

ಮುಳುಗಿದ ಭ್ರೂಣವನ್ನು ಅಚ್ಚಿನಲ್ಲಿಟ್ಟು, ಹುದುಗು ಮಾಧ್ಯಮ ತುಂಬಿ, ತಲೆ–ಬಾಲಗಳ ದಿಕ್ಕನ್ನು ಸೂಜಿಯಿಂದ ಸರಿಪಡಿಸಬೇಕು. ಒಮ್ಮೆ ಗಟ್ಟಿಯಾದರೆ ದಿಕ್ಕು ಬದಲಿಸಲಾಗದು. ಓರೆಯಾದ ಭ್ರೂಣದ ಛೇದಗಳಲ್ಲಿ ನರನಾಳದ ಎಡಬಲಗಳನ್ನು ಹೋಲಿಸಲಾಗದು. ಒಣಹಿಮದಿಂದ ತಣಿಸಿದ ಐಸೊಪೆಂಟೇನ್‌ನಲ್ಲಿ ಅಚ್ಚನ್ನು ಬೇಗನೆ ಹೆಪ್ಪುಗಟ್ಟಿಸಿ, –80 ಡಿಗ್ರಿಯಲ್ಲಿ ಕಾಪಿಡುತ್ತಾರೆ.

ಛೇದಿಸುವ ಮುನ್ನ ಗಡ್ಡೆ ಕ್ರಯೋಸ್ಟ್ಯಾಟಿನ ಸುಮಾರು –20 ಡಿಗ್ರಿಗೆ ಹೊಂದಿಕೊಳ್ಳಬೇಕು. ಅತಿ ತಣ್ಣಗಿದ್ದರೆ ಛೇದ ಪುಡಿಯಾಗಿ ಬಿರಿಯುತ್ತದೆ. ಬೆಚ್ಚಗಾದರೆ ಅಲಗಿಗೆ ಮೆತ್ತಿಕೊಂಡು ಮುದುಡುತ್ತದೆ. 10ರಿಂದ 20 ಮೈಕ್ರೋಮೀಟರ್ ದಪ್ಪದ ಛೇದವನ್ನು ಕುಂಚದಿಂದ ಹಿಡಿದು, ಜೆಲಟಿನ್ ಲೇಪಿಸಿದ ಸ್ಲೈಡಿಗೆ ಮುಟ್ಟಿಸಿದೊಡನೆ ಅದು ಕರಗಿ ಅಂಟುತ್ತದೆ.

ಇಲ್ಲಿ ಊರಿನ ಗಾಳಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಹವಾಮಾನ ವರದಿಗಳಲ್ಲಿ ಚೆನ್ನೈನ ಪರವಾಗಿ ನುಡಿಯುವ ನುಂಗಂಬಾಕ್ಕಂ ಸಮುದ್ರಕ್ಕೆ ಕೆಲವೇ ಕಿಲೋಮೀಟರ್ ದೂರ. ಮೈಸೂರಿನ ಒಣ ಚಳಿಗಾಲದಲ್ಲಿ ಕ್ಷಮ್ಯವಾದ ಅಲಕ್ಷ್ಯ ಅಲ್ಲಿಯ ತೇವದಲ್ಲಿ ಸಲ್ಲದು. ಶೀತಪೆಟ್ಟಿಗೆಯಿಂದ ತೆಗೆದ ಸ್ಲೈಡುಗಳ ಮೇಲೆ ಕ್ಷಣದಲ್ಲಿ ಹನಿಗಟ್ಟುತ್ತದೆ, ಛೇದಗಳು ಕಳಚಿಕೊಳ್ಳುತ್ತವೆ. ಕೋಣೆಯ ಉಷ್ಣತೆಗೆ ಬರುವ ತನಕ ಅವುಗಳ ಡಬ್ಬಿಯ ಮುಚ್ಚಳ ತೆರೆಯಬಾರದು.

ಕೊನೆಯದು ಬಣ್ಣ. ‘ಬಣ್ಣ ಬಳಿಯುವುದು’ ಎಂಬ ಬಳಕೆ ವಿದ್ಯಾರ್ಥಿಯನ್ನು ದಾರಿ ತಪ್ಪಿಸುತ್ತದೆ. ಗೋಡೆಗೆ ಬಳಿದ ಸುಣ್ಣದಂತೆ ಅದು ಮೇಲೆ ಕೂರುವುದಿಲ್ಲ. ಹೆಮಟಾಕ್ಸಿಲಿನ್ ಕೋಶಕೇಂದ್ರವನ್ನು ಹಿಡಿದು ನೀಲಿಯಾಗಿಸುತ್ತದೆ, ಇಯೊಸಿನ್ ಕೋಶದ್ರವ್ಯವನ್ನು ಹಿಡಿದು ನಸುಗೆಂಪಾಗಿಸುತ್ತದೆ. ಪ್ರತಿಕಾಯವಂತೂ ತಾನು ಗುರುತಿಸುವ ಪ್ರೋಟೀನಿಗೆ ಮಾತ್ರ ಅಂಟಬೇಕು. ಬೇರೆಡೆ ಅಂಟದಂತೆ ಸೀರಮ್ ಹಾಕಿ ಆ ಜಾಗಗಳನ್ನು ಮೊದಲೇ ತುಂಬಿಸಿರುತ್ತಾರೆ. ನೇಕಾರನೂ ಬಣ್ಣಗಾರನೂ ‘ನೂಲು ಬಣ್ಣ ಹಿಡಿಯಿತು’ ಎನ್ನುತ್ತಾರೆ. ಅಂಗಾಂಶವೂ ಬಣ್ಣ ಹಿಡಿಯುತ್ತದೆ, ಇಲ್ಲವೆ ಹಿಡಿಯುವುದಿಲ್ಲ. ಬಳಿಯುವವನ ಕೈವಾಡಕ್ಕಿಂತ ಹಿಡಿಯುವ ವಸ್ತುವಿನ ಗುಣವನ್ನು ಮುಂದೆ ತರುವ ಈ ಕ್ರಿಯಾಪದ, ‘ಅಭಿರಂಜನ’ ಎಂಬ ಸಂಸ್ಕೃತ ಪದಕ್ಕಿಂತ ಈ ರಾಸಾಯನಿಕ ಸತ್ಯಕ್ಕೆ ಹತ್ತಿರವಾಗಿದೆ.