ಕೋನಗಳು: ಡಿಗ್ರಿ ಮತ್ತು ರೇಡಿಯನ್

ಒಂದೇ ಬಿಂದುವಿನಿಂದ ಹೊರಡುವ ಎರಡು ಕಿರಣಗಳ ನಡುವಿನ ತಿರುವಿನ ಅಳತೆಯೇ ಕೋನ.

ಡಿಗ್ರಿ: ಒಂದು ಪೂರ್ಣ ಸುತ್ತು 360°. 1° = 60 ನಿಮಿಷ (60′); 1′ = 60 ಸೆಕೆಂಡು (60″).

ರೇಡಿಯನ್: ಇದು ಅಂತರರಾಷ್ಟ್ರೀಯ (ಎಸ್‌ಐ) ಏಕಮಾನ. ತ್ರಿಜ್ಯದಷ್ಟೇ ಉದ್ದದ ದಾರವನ್ನು ವೃತ್ತದ ಅಂಚಿಗೆ ಹೊಂದಿಸಿಟ್ಟರೆ, ಆ ಕಂಸವು ಕೇಂದ್ರದಲ್ಲಿ ಉಂಟುಮಾಡುವ ಕೋನವೇ 1 ರೇಡಿಯನ್, ಸುಮಾರು 57°17′45″. ಪರಿಧಿ 2πr ಆದ್ದರಿಂದ ಪೂರ್ಣ ಸುತ್ತು 2π ರೇಡಿಯನ್.

ಮುಖ್ಯ ಸೂತ್ರ: 180° = π ರೇಡಿಯನ್
• ಡಿಗ್ರಿಯಿಂದ ರೇಡಿಯನ್‌ಗೆ: π/180 ರಿಂದ ಗುಣಿಸಿ
• ರೇಡಿಯನ್‌ನಿಂದ ಡಿಗ್ರಿಗೆ: 180/π ರಿಂದ ಗುಣಿಸಿ
• 30° = π/6, 45° = π/4, 60° = π/3, 90° = π/2

ವಿಧಗಳು
• ಲಘುಕೋನ: 0°ಗಿಂತ ಹೆಚ್ಚು, 90°ಗಿಂತ ಕಡಿಮೆ
• ಲಂಬಕೋನ: 90°
• ವಿಶಾಲಕೋನ: 90°ಗಿಂತ ಹೆಚ್ಚು, 180°ಗಿಂತ ಕಡಿಮೆ
• ಸರಳಕೋನ: 180°
• ಸರಳಾಧಿಕ ಕೋನ: 180°ಗಿಂತ ಹೆಚ್ಚು, 360°ಗಿಂತ ಕಡಿಮೆ
• ಪೂರ್ಣಕೋನ: 360°

ಜೋಡಿ ಕೋನಗಳು: ಮೊತ್ತ 90° ಆದರೆ ಪೂರಕ, 180° ಆದರೆ ಪರಿಪೂರಕ.

ಮಾದರಿ ಪ್ರಶ್ನೆ: ಗಡಿಯಾರದಲ್ಲಿ 3:30 ಆದಾಗ ಮುಳ್ಳುಗಳ ನಡುವಿನ ಕೋನ ಎಷ್ಟು?
ನಿಮಿಷದ ಮುಳ್ಳು 6ರ ಮೇಲೆ, ಅಂದರೆ 180°ಯಲ್ಲಿದೆ. ಗಂಟೆಯ ಮುಳ್ಳು 3ರಲ್ಲೇ ನಿಂತಿಲ್ಲ. ಅರ್ಧ ಗಂಟೆಯಲ್ಲಿ 15° ಮುಂದೆ ಸರಿದು 105°ಗೆ ಬಂದಿದೆ. ಉತ್ತರ: 180° − 105° = 75°, ಅಂದರೆ 5π/12 ರೇಡಿಯನ್; ಇದು ಲಘುಕೋನ. ಹಲವರು 90° ಎಂದು ಬರೆದು ಅಂಕ ಕಳೆದುಕೊಳ್ಳುವುದು ಇಲ್ಲೇ. ಗಂಟೆಯ ಮುಳ್ಳಿನ ಚಲನೆಯನ್ನು ಮರೆಯಬೇಡಿ.